ಅಳಿಸಿದ ಮುದ್ರೆ

ಆ ಅಕ್ಕಸಾಲಿಗನನ್ನು ಬೀದಿಯವರೆಲ್ಲ ಮುದ್ರೆಯಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಯಾವ ಕಾಲಕ್ಕೋ ಮೂಲೆ ಸೇರಿತ್ತು. ಕಾಳಿನಷ್ಟು ಓಲೆ ಮಾಡಿದರೂ ಸರಿ, ಅದರ ಹಿಂಬದಿಗೆ ತನ್ನ ಗುರುತಿನ ಅಚ್ಚು ಒತ್ತದೆ, ಆಮೇಲೆ ಪರೀಕ್ಷಾ ಕಚೇರಿಯಿಂದ ಹಾಲ್‌ಮಾರ್ಕ್ ಹಾಕಿಸಿಕೊಳ್ಳದೆ, ಯಾರ ಕೈಗೂ ಕೊಟ್ಟವನಲ್ಲ. ಅವನ ಗುರುತು ಎರಡೆಲೆಯ ಒಂದು ಚಿಗುರು. ಬೆರಳುದ್ದದ ಆ ಉಕ್ಕಿನ ಅಚ್ಚು ಸದಾ ಅಂಗಿಯ ಎದೆಜೇಬಿನಲ್ಲಿ ಇರುತ್ತಿತ್ತು, ಭೂತಗನ್ನಡಿಯ ಪಕ್ಕದಲ್ಲಿ.

"ಮಾಡಿದವನು ತನ್ನ ಮಾಲು ಚೊಕ್ಕ ಅನ್ನದೆ ಇನ್ನೇನಂತಾನೆ?" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. "ಮಾರೋನೂ ಅಲ್ಲದ, ಕೊಳ್ಳೋನೂ ಅಲ್ಲದ ಮೂರನೆಯವನೊಬ್ಬ ನೋಡಿ ಹೌದು ಅನ್ಬೇಕು. ಹಾಲ್‌ಮಾರ್ಕ್ ಅಂದ್ರೆ ಅಷ್ಟೇ."

ಆ ಮೂರನೆಯವನು ಅವನ ಹೆಂಡತಿಯ ಸ್ವಂತ ತಮ್ಮನೇ. ಪರೀಕ್ಷಾ ಕಚೇರಿಯಲ್ಲಿ ಚಿನ್ನದ ಶುದ್ಧತೆ ನೋಡುವ ಕೆಲಸ. ಭಾವನ ಮಾಲು ಎಂದು ಕೂದಲೆಳೆಯಷ್ಟೂ ಬಿಟ್ಟುಕೊಡುವ ಆಸಾಮಿಯಲ್ಲ.

"ಅಕ್ಕನ ಮನೇಲಿ ಉಂಡು ಹೋಗಿ ಭಾವನ ಬಳೆನೇ ವಾಪಸ್ ಕಳಿಸ್ತೀಯಲ್ಲೋ, ಹೊಟ್ಟೆಗೆ ಏನು ತಿಂತೀಯ?" ಎಂದು ಒಮ್ಮೆ ಮುದ್ರೆಯಪ್ಪ ರೇಗಿದಾಗ, "ಅಕ್ಕ ಬಡಿಸಿದ್ದನ್ನೇ ಭಾವ. ಉಪ್ಪು ಕಮ್ಮಿ ಇದ್ರೆ ಅದನ್ನೂ ಹೇಳ್ತೀನಿ" ಎಂದಿದ್ದ.

ಆ ನಗುವೆಲ್ಲ ಲಾಂಚು ಮುಳುಗುವ ಮುಂಚಿನದು.

ಮುದ್ರೆಯಪ್ಪನ ಒಬ್ಬನೇ ಮಗ ಆ ಲಾಂಚಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ವಾರವಾಗುತ್ತ ಬಂದರೂ ಅವನ ಸುಳಿವಿರಲಿಲ್ಲ. ಸಿಕ್ಕ ದೇಹಗಳನ್ನು ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಇಟ್ಟಿದ್ದರು. ಗಂಡ ಹೆಂಡತಿ ಅಲ್ಲಿಗೆ ಹೋದಾಗ ಅಧಿಕಾರಿ ದೇಹ ತೋರಿಸಲಿಲ್ಲ. ಸ್ಟೀಲಿನ ತಟ್ಟೆಯಲ್ಲಿ ಒಂದು ಉಂಗುರ ತಂದಿಟ್ಟ.

"ಮುಖ ನೋಡೋದು ಬೇಡಮ್ಮ. ನೀರು ಏನನ್ನೂ ಉಳಿಸಿಲ್ಲ. ಇದು ಗೊತ್ತಾಗತ್ತಾ ನೋಡಿ."

ಕೆತ್ತನೆಯಿಲ್ಲದ ಸಾದಾ ಪಟ್ಟಿ. ಎಷ್ಟೋ ಬೆರಳುಗಳಲ್ಲಿ ಇರುವಂಥದ್ದು. ಹೆಂಡತಿ ಗಂಡನ ಜೇಬಿಗೆ ಕೈಹಾಕಿ ಭೂತಗನ್ನಡಿ ತೆಗೆದಳು. ಅಕ್ಕಸಾಲಿಗನ ಮನೆ ತುಂಬಿದ ಮೇಲೆ ಎಂಥೆಂಥ ಮುದ್ರೆಗಳನ್ನು ಓದಿದ ಕಣ್ಣು ಅದು. ಉಂಗುರದ ಒಳಮೈಯನ್ನು ಸುತ್ತಿಸಿ ಸುತ್ತಿಸಿ ನೋಡಿದಳು.

"ಇಲ್ಲ! ಒಳಗೆ ಬೋಳು. ರೀ, ನೋಡ್ರೀ, ಬೋಳು! ನಮ್ಮನೆ ಚಿನ್ನ ಮುದ್ರೆ ಇಲ್ದೆ ಹೊಸ್ತಿಲು ದಾಟಿದ್ದುಂಟಾ? ಬೇಕಾದ್ರೆ ಊರನ್ನೇ ಕೇಳಿ ಸಾರ್, ಇವರಿಗೆ ಹೆಸರು ಬಿದ್ದಿದ್ದೇ ಅದರಿಂದ." ಇಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. ಮರುಕ್ಷಣ ನಾಚಿ ಬಾಯಿಗೆ ಸೆರಗು ಒತ್ತಿಕೊಂಡಳು. "ಪಾಪ, ಯಾವ ತಾಯಿ ಹೆತ್ತ ಮಗನೋ."

"ಗುರುತು ಸಿಗದೇ ಇರೋರನ್ನ ನಾಳೆ ಒಟ್ಟಿಗೆ ಮಣ್ಣು ಮಾಡ್ತೀವಿ" ಎಂದ ಅಧಿಕಾರಿ. "ಕಲ್ಲಿಗೊಂದು ನಂಬರು."

ಮುದ್ರೆಯಪ್ಪ ಉಂಗುರವನ್ನು ಅಂಗೈಯಲ್ಲಿ ಇಟ್ಟುಕೊಂಡ. ಕಣ್ಣು ನೋಡುವ ಮೊದಲೇ ಕೈಗೆ ತಿಳಿದುಹೋಗಿತ್ತು. ಆದರೂ ಮನಸ್ಸು ಕೈಯೊಡನೆ ವಾದಕ್ಕೆ ನಿಂತಿತು.

ಮಗ ಕೆಲಸಕ್ಕೆ ಸೇರಿದಾಗ ತಾನೇ ಮಾಡಿಕೊಟ್ಟ ಉಂಗುರ ಅದು. ಚಿಗುರಿನ ಗುರುತು, ಅದರ ಪಕ್ಕದಲ್ಲಿ ಕಚೇರಿಯ ಹಾಲ್‌ಮಾರ್ಕ್, ಎಲ್ಲ ಇತ್ತು. ಮಗ ರಜೆಗೆ ಬಂದವನು, "ಅಪ್ಪಾ, ನಿನ್ನ ಮುದ್ರೆ ಕಚ್ಚತ್ತೆ. ಎಂಜಿನ್ ಬಿಸಿಗೆ ಬೆರಳು ಊದಿದಾಗ ಪ್ರಾಣ ಹೋಗತ್ತೆ" ಎಂದು ನಗುತ್ತ ಬೆರಳು ತೋರಿಸಿದ್ದ. ಅಲ್ಲಿ ಕೆಂಪಗೆ ಗಾಯ. "ಕಚ್ಚಲಿ ಬಿಡು, ಮನೆ ನೆನಪಾಗ್ಲಿ" ಎಂದು ಮುದ್ರೆಯಪ್ಪ ಬಾಯಲ್ಲಿ ಅಂದನೇ ಹೊರತು ಕರುಳು ತಾಳಲಿಲ್ಲ. ಮಗ ಸ್ನಾನಕ್ಕೆ ಹೋದಾಗ ಉಂಗುರ ತೆಗೆದುಕೊಂಡು ಒಳಮೈಗೆ ಮೆರುಗಿನ ಕಡ್ಡಿ ಹಿಡಿದ. ಮುದ್ರೆಯ ಅಂಚಿನ ಮುಳ್ಳನ್ನಷ್ಟೇ ತೆಗೆಯಬೇಕೆಂದುಕೊಂಡಿದ್ದ. ಇನ್ನಷ್ಟು ನುಣುಪಾಗಲಿ, ಇನ್ನಷ್ಟು ನುಣುಪಾಗಲಿ ಎಂದು ಉಜ್ಜುತ್ತ ಹೋದ. ನೋಡಿದರೆ ಎರಡು ಮುದ್ರೆಯೂ ಇರಲಿಲ್ಲ. ಅಕ್ಕಸಾಲಿಗ ಕನಸಿನಲ್ಲೂ ಮಾಡಬಾರದ ಕೆಲಸ. ಮುಂದಿನ ಸಲ ಬಂದಾಗ ಮತ್ತೆ ಒತ್ತಿಸಿದರಾಯಿತು ಎಂದು ಸುಮ್ಮನಾದ. ಹೆಂಡತಿಗೂ ಬಾಯಿ ಬಿಡಲಿಲ್ಲ. ಆ ಮುಂದಿನ ಸಲ ಬರಲೇ ಇಲ್ಲ.

ಅವಳಿಗೆ ಭರವಸೆ ಕೊಟ್ಟ ಆ ಬೋಳು ಜಾಗ ಅವನದೇ ಕೈಕೆಲಸ. ಸುಮ್ಮನಿದ್ದರೆ ಮಗ ನಂಬರಾಗಿ ಮಣ್ಣಿಗೆ ಹೋಗುತ್ತಾನೆ. ಬಾಯಿಬಿಟ್ಟರೆ ಇವಳು ಎದುರಿಗಿದ್ದೇ ಸತ್ತುಹೋಗುತ್ತಾಳೆ.

"ಸಾರ್," ಎಂದ ಕೊನೆಗೆ, "ಪರೀಕ್ಷಾ ಕಚೇರೀಲಿ ಒಂದ್ಸಲ ತೋರಿಸಬಹುದಾ?"

ಅಧಿಕಾರಿ ಒಪ್ಪಿ, ಉಂಗುರವನ್ನು ಪೊಲೀಸಪ್ಪನೊಬ್ಬನ ಕೈಲಿ ಕೊಟ್ಟು ಜೊತೆಗೆ ಕಳಿಸಿದ. "ನೋಡ್ಲಿ ಬಿಡಿ, ನಮ್ಮವನೇ ಹೇಳ್ತಾನೆ ನಮ್ಮದಲ್ಲ ಅಂತ" ಎಂದು ಹೆಂಡತಿ ದಾರಿಯುದ್ದಕ್ಕೂ ಹೇಳುತ್ತ ಬಂದಳು. ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂತು ಕಣ್ಣುಮುಚ್ಚಿ ಕೈಮುಗಿದಳು.

ಒಳಗೆ ಬಾಮೈದ ಎಲ್ಲ ಕೇಳಿಸಿಕೊಂಡ. ಬೈಯಲಿಲ್ಲ.

"ಮೇಲೆ ಉಜ್ಜಿದ್ರೂ ಅಚ್ಚಿನ ಏಟು ಒಳಗೆ ಇಳಿದಿರತ್ತೆ ಭಾವ. ಕೆಳಗಿನ ಲೋಹ ಬಿಗಿದಿರತ್ತೆ. ಆಮ್ಲ ಹಾಕಿದ್ರೆ ಆ ಜಾಗ ಬೇರೆ ಬಣ್ಣಕ್ಕೆ ತಿರುಗಬಹುದು. ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ."

"ಹಾಕು."

ಗಾಜಿನ ಕಡ್ಡಿಯ ತುದಿಯಿಂದ ಒಂದು ಹನಿ ಬಿತ್ತು. ಘಾಟು ಮೂಗಿಗೆ ಅಡರಿತು. ಜೀವಮಾನವಿಡೀ ತನ್ನ ಗುರುತು ಅಳಿಯದಿರಲಿ ಎಂದು ಬೇಡಿಕೊಂಡವನು ಮುದ್ರೆಯಪ್ಪ. ಈಗ ಗೋಡೆಗೆ ಒರಗಿ, ದೇವರೇ, ನನ್ನ ಗುರುತು ಅಲ್ಲಿ ಇಲ್ಲದಿರಲಿ ಎಂದು ಬೇಡಿಕೊಂಡ. ಮೇಲಿರುವವನು ಎಷ್ಟೋ ಬೇಡಿಕೆಗಳನ್ನು ಕೇಳಿದ್ದಾನೆ. ಇಂಥದ್ದನ್ನು ಯಾವ ಕಿವಿಯಲ್ಲಿ ಕೇಳಿದನೋ.

ಬಾಮೈದ ಉಂಗುರ ತೊಳೆದು ದೀಪದಡಿ ಹಿಡಿದ. ತುಂಬ ಹೊತ್ತು ನೋಡಿದ. ಆಮೇಲೆ ಭಾವನತ್ತ ಚಾಚಿದ. ಉಸಿರು ತಾಕಿದ ಗಾಜಿನ ಮೇಲೆ ಮೂಡುವ ಗೆರೆಯ ಹಾಗೆ, ಮಸುಕಾಗಿ ಒಂದು ಎಲೆ. ಅದರ ಕೆಳಗೆ ಕಡ್ಡಿ. ಇನ್ನೊಂದು ಎಲೆ ಅರ್ಧ.

ಬಾಗಿಲು ತೆರೆದು ಹೆಂಡತಿ ಬಂದಳು. "ಇಲ್ಲ ತಾನೇ? ಅಲ್ಲ ತಾನೇ?"

ಮುದ್ರೆಯಪ್ಪ ಉಂಗುರವನ್ನೂ ಭೂತಗನ್ನಡಿಯನ್ನೂ ಅವಳ ಕೈಗಿಟ್ಟ. ಅವಳು ನೋಡಿದಳು. ನಿಧಾನವಾಗಿ ತಲೆಯೆತ್ತಿದಳು.

"ಇದನ್ನ ನೀವು ಈಗ ಒತ್ತಿದ್ರಿ."

"ಅಲ್ವೇ..."

"ಜೇಬಲ್ಲೇ ಇರತ್ತಲ್ಲ ಆ ಹಾಳು ಅಚ್ಚು! ಹುಡುಕಿ ಹುಡುಕಿ ಸಾಕಾಯ್ತಾ ನಿಮ್ಗೆ? ಯಾರದ್ದೋ ಹೆಣ ತಂದು ನನ್ನ ಮಗ ಅಂತೀರಾ?"

ಊರೆಲ್ಲ ನಂಬಿದ ಮುದ್ರೆ ಅದು. ಹೆತ್ತವಳು ನಂಬಲಿಲ್ಲ. ಮುದ್ರೆಯಪ್ಪ ಬಾಮೈದನತ್ತ ತಿರುಗಿದ. ಮಾಡಿದವನ ಮಾತು ನಡೆಯುವುದಿಲ್ಲ ಎಂದು ತಾನೇ ಜೀವನಪೂರ್ತಿ ಹೇಳಿಕೊಂಡು ಬಂದಿದ್ದನಲ್ಲ.

"ಅಕ್ಕ," ಎಂದ ತಮ್ಮ. ಅವನ ದನಿ ಒಡೆದಿತ್ತು. "ಭಾವ ಮುಟ್ಟಿಲ್ಲ. ನಾನೇ ಆಮ್ಲ ಹಾಕ್ದೆ, ನಾನೇ ನೋಡ್ದೆ. ಇದು ಹಳೇ ಮುದ್ರೆ ಕಣಕ್ಕ."

ಭಾವನ ಬಳೆಯನ್ನೇ ತಿರುಗಿಸಿ ಕಳಿಸಿದ ತಮ್ಮ. ಅಕ್ಕನ ಅಡಿಗೆಯ ಉಪ್ಪನ್ನೂ ಬಿಡದವನು. ಅವಳು ಅವನ ಮುಖವನ್ನೇ ನೋಡಿದಳು. ಅಲ್ಲಿ ತಪ್ಪಿಸಿಕೊಳ್ಳಲು ಒಂದು ಸಂದಿಯಾದರೂ ಸಿಗಬಹುದೇ ಎಂದು ಹುಡುಕಿದಳು. ಸಿಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತಳು.

ಮುದ್ರೆಯಪ್ಪ ಅವಳ ಪಕ್ಕದಲ್ಲಿ ಕೂತು, ಮಗನ ಬೆರಳಿನ ಗಾಯದ ಕತೆಯನ್ನೂ ತಾನು ಉಜ್ಜಿದ್ದನ್ನೂ ಹೇಳಿದ. ಅವಳು ಅಳಲಿಲ್ಲ. ಉಂಗುರವನ್ನು ತನ್ನ ಹೆಬ್ಬೆರಳಿಗೆ ಹಾಕಿ, ತೆಗೆದು, ಮತ್ತೆ ಹಾಕಿಕೊಂಡಳು.

"ನುಣ್ಣಗಿದೆ" ಎಂದಳು. "ಕೊನೇಲಿ ಇದಾದ್ರೂ ಕಚ್ಚಿರಲ್ಲ ಅವನಿಗೆ."

ಬಾಗಿಲ ಬಳಿ ಪೊಲೀಸಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕಲ್ಲಿನ ಮೇಲೆ ಬರೆಸಲು ಹೆಸರು ಕೇಳಬೇಕಿತ್ತು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗಿನ ಬೆಂಚಿನಲ್ಲಿ ಕೂತ.