ಪಕ್ಕದ ಮೇಜು

ತಪಾಸಣೆಯ ಗುಂಡಿಯ ಮೇಲೆ ಲಾರಿ ನಿಂತಿದೆ. ಎಂಜಿನ್ ಆರಿದೆ. ತಗಡಿನ ಚಾವಣಿಯ ಸಂದಿನಿಂದಿಳಿದ ಬೆಳಕಿನ ಪಟ್ಟಿಯೊಂದು ಅದರ ಹೊಸ ನೀಲಿ ಬಣ್ಣದ ಮೇಲೆ ಅಲುಗದೆ ಬಿದ್ದಿದೆ. ಬಾಗಿಲ ಮೇಲೆ ಸಾಗಣೆ ಸಂಸ್ಥೆಯ ಹೆಸರು, ಅದರ ಕೆಳಗೆ ಮಾಲೀಕನ ಹೆಸರು. ಬಿಳಿ ಅಕ್ಷರಗಳು ಇನ್ನೂ ಒಣಗಿಲ್ಲವೇನೋ ಎಂಬಂತೆ ಹೊಳೆಯುತ್ತಿವೆ. ಚಕ್ರಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಟ್ಟಿದೆ. ಕೆಳಗೆ, ಆಳೆತ್ತರದ ಗುಂಡಿಯಲ್ಲಿ, ಮುಪ್ಪಿನಂಚಿನ ತಪಾಸಣಾಧಿಕಾರಿ ಟಾರ್ಚನ್ನು ಮೇಲಕ್ಕೆ ಹಿಡಿದು ನಿಂತಿದ್ದಾರೆ. ಎಣ್ಣೆಯ ಒಂದು ಹನಿ ಬೀಳಲೋ ಬೇಡವೋ ಎಂದು ತೂಗುತ್ತಿದೆ. ಗುಂಡಿಯ ಅಂಚಿನಲ್ಲಿ, ಅವರ ಕಣ್ಣಿನ ನೇರಕ್ಕೆ, ಪಾಲಿಶ್ ಹಾಕಿದ ಒಂದು ಜೊತೆ ಬೂಟು. ಅವು ಅವರ ಅಳಿಯನವು.

ಬಾಗಿಲ ಮೇಲೆ ಮಾಲೀಕನಾಗಿ ಅಳಿಯನ ಹೆಸರು ಕಂಡೊಡನೆ ಅವರು ಹಿಂತಿರುಗಬೇಕಿತ್ತು. ಸಂಬಂಧಿಕರ ನೋಂದಣಿ ಅರ್ಜಿಯನ್ನು ಅಧಿಕಾರಿ ತಾನೇ ನೋಡಕೂಡದು, ಪಕ್ಕದ ಮೇಜಿಗೆ ಕಳಿಸಬೇಕು ಎಂಬುದು ಕಚೇರಿಯ ನಿಯಮ. ಆದರೆ ಕಾಲುಗಳಿಗೆ ನಿಯಮಕ್ಕಿಂತ ಅಭ್ಯಾಸ ಹಳೆಯದು, ಅವು ಮೆಟ್ಟಿಲಿಳಿದಿದ್ದವು.

ಮೇಲೆ ನೀಲಿ; ಒಳಗೆ ಹಳೆಯ ಕಬ್ಬಿಣ. ಅಡ್ಡತೊಲೆಯ ಬಿರುಕಿಗೆ ಹಾಕಿದ ಬೆಸುಗೆ ಸೊಟ್ಟಗೆ ಹರಿದು ಕೊನೆಯಲ್ಲಿ ಕವಲೊಡೆದಿತ್ತು. ಆ ಗಾಯದ ಗುರುತನ್ನು ಅವರು ಬಲ್ಲರು. ಕಳೆದ ಚಳಿಗಾಲ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ, ಮನೆಯೊಂದರ ಗೋಡೆ ಒಡೆದು, ಊಟಕ್ಕೆ ಕುಳಿತಿದ್ದ ಗಂಡ ಹೆಂಡಿರನ್ನು ಕೊಂದ ಲಾರಿ ಇದು. ಅಂದು ಇದರ ಕೆಳಗೆ ಮಲಗಿ ವರದಿ ಬರೆದವರು ಅವರೇ. ಆಗ ಇದನ್ನು ಓಡಿಸುತ್ತಿದ್ದ ಸಂಸ್ಥೆಯ ನೋಂದಣಿ ರದ್ದಾಗಿತ್ತು. ಈಗ ಚಾಸಿಯ ಮೇಲಿನ ಗುರುತಿನ ಅಂಕಿಗಳನ್ನು ಉಜ್ಜಿ ಹೊಸದಾಗಿ ಕುಟ್ಟಿದ್ದರು. ಬೆಸುಗೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬ್ರೇಕಿನ ಸೋರುವ ಕೊಳವೆಗೆ ಅಂದಿನ ಅದೇ ರಬ್ಬರ್ ಪಟ್ಟಿ ಸುತ್ತಿತ್ತು.

"ಹೇಗಿದೆ ಮಾವ ಗಾಡಿ? ಮದುಮಗಳ ಹಾಗಿದೆ ಅಲ್ವಾ?" ಬೂಟುಗಳ ಮೇಲಿನಿಂದ ಧ್ವನಿ ಬಂತು.

"ಮದುಮಗಳಿಗೆ ಇದು ಎರಡನೇ ಮದುವೆ," ಎಂದರು ಅವರು.

ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು.

ಕಚೇರಿಯ ಕೋಣೆಯಲ್ಲಿ ಎರಡೇ ಮೇಜು. ಪಕ್ಕದ ಮೇಜಿನವರು ಚಹಾಕ್ಕೆ ಹೋಗಿದ್ದರು. ಅಳಿಯ ಕುರ್ಚಿಯ ತುದಿಯಲ್ಲಿ ಕುಳಿತ.

"ಇದು ಯಾರ ಗಾಡಿ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಮಾವ. ಧಣಿ ಕರೆದು ಹೇಳಿದ್ರು, ನನ್ನ ಹೆಸರು ಕೆಟ್ಟಿದೆ, ನಿನ್ನ ಹೆಸರು ಕೊಡು ಅಂತ. ಇಷ್ಟು ವರ್ಷ ಅವರ ಲಾರಿ ಓಡಿಸ್ದೆ. ಯಾರೂ ನನ್ನ ಹೆಸರು ಕೇಳಿರ್ಲಿಲ್ಲ."

"ಬ್ರೇಕು?"

"ಮಾಡಿಸ್ತಾರಂತೆ."

"ಯಾವಾಗ?"

ಅಳಿಯ ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿದ. "ನೀವೇನೂ ಮಾಡೋದು ಬೇಡ ಮಾವ. ನಿಮ್ಮ ರೂಲೇ ಇದೆಯಲ್ಲ. ಫೈಲು ಪಕ್ಕದ ಮೇಜಿಗೆ ತಳ್ಳಿಬಿಡಿ. ನಿಮ್ಮ ಕೈಯೂ ಕೊಳೆಯಾಗಲ್ಲ. ಮತ್ತೆ, ನಾನೇನೂ ಅದನ್ನ ಓಡಿಸಲ್ಲ. ಡ್ರೈವರ್ ಒಬ್ಬ ಸಿಕ್ಕಿದ್ದಾನೆ."

"ಅವನಿಗೂ ಎಲ್ಲೋ ಒಬ್ಬ ಮಾವ ಇರ್ತಾನೆ ಕಣೋ."

ಮಗಳ ಮದುವೆಯಾದಂದಿನಿಂದ ಅಳಿಯನನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದವರ ಬಾಯಿಂದ ಏಕವಚನ ಬಿದ್ದದ್ದು ಇಬ್ಬರಿಗೂ ಕೇಳಿಸಿತು.

"ಅರ್ಜಿ ವಾಪಸ್ ತಗೋ. ಇವತ್ತೇ."

"ತಗೊಂಡ್ರೆ ಇನ್ನೊಬ್ಬ ಡ್ರೈವರ್ ಹೆಸರಲ್ಲಿ ಇದೇ ಗಾಡಿ ಬರುತ್ತೆ, ಮಾವ. ಆಗ ಅದರ ಸ್ಟೇರಿಂಗ್ ಹಿಂದೆ ಕೂತಿರೋನು ನಾನೇ." ಅವನು ಎದ್ದ. "ನಿಮ್ಮ ಮಗಳು ಹೊರಗಿದ್ದಾಳೆ. ಅವಳಿಗೆ ನೀವೇ ಹೇಳ್ಕೊಳ್ಳಿ."

ಅವನು ಹೊರಗೆ ಹೋದ ಹಿಂದೆಯೇ ಪಕ್ಕದ ಮೇಜಿನವರು ಬಂದರು; ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. "ಏನ್ ಸಾರ್, ಅಳಿಯಂದಿರು ಧಣಿಗಳಾಗಿಬಿಟ್ರು! ಪಾರ್ಟಿ ಯಾವಾಗ? ಕೊಡಿ ಇಲ್ಲಿ. ಹೊಸ ಸಂಸ್ಥೆ, ಒಂದು ಅಪಘಾತ ಇಲ್ಲ, ಒಂದು ದೂರಿಲ್ಲ. ಕಣ್ಣು ಮುಚ್ಚಿ ಸಹಿ ಹಾಕ್ತೀನಿ."

"ಗುಂಡಿಗೆ ಇಳಿದು ನೋಡ್ತೀರಾ?"

"ಇಳೀಬಹುದು. ಆಮೇಲೆ ಮೇಲೆತ್ತೋಕೆ ಕ್ರೇನ್ ತರಿಸ್ಬೇಕು." ಅವರು ಹೊಟ್ಟೆ ತಟ್ಟಿಕೊಂಡು ನಕ್ಕರು. ನಂತರ ಎದುರಿನ ಮುಖ ನೋಡಿ ನಗು ನಿಲ್ಲಿಸಿದರು. "ಸಾರ್, ಏನಾದ್ರೂ ಇದ್ರೆ ನನಗೆ ಹೇಳ್ಬೇಡಿ. ಬಾಯಲ್ಲಿ ಹೇಳಿದ್ದು ನನ್ನ ಕಿವಿಗೆ ಬೀಳಲ್ಲ. ಬರೆದು ಕೊಟ್ರೆ ಮಾತ್ರ ನಾನು ಸುಮ್ನಿರೋಕಾಗಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಫೈಲು ಪಕ್ಕದ ಮೇಜಿಗೆ ಹೋಯಿತು. ನಿಯಮ ಅಲ್ಲಿಗೆ ಮುಗಿಯಿತು. ಮನೆಗೆ ಹೋಗಿ ಕೈ ತೊಳೆದುಕೊಳ್ಳಬಹುದಿತ್ತು. ನಿಯಮವು ಸಂಬಂಧಿಕನಿಗೆ ಅಧಿಕಾರಿಯಾಗಬೇಡ ಎಂದಿತ್ತೇ ಹೊರತು ಸಾಕ್ಷಿಯಾಗಬೇಡ ಎಂದಿರಲಿಲ್ಲ. ಆದರೆ ಸಾಕ್ಷಿ ಹೇಳಿದರೆ ಲಾರಿಯಷ್ಟೇ ನಿಲ್ಲುವುದಿಲ್ಲ. ರದ್ದಾದ ಯಾವ ಸಂಸ್ಥೆಗೂ ಈ ವಾಹನ ಸೇರಿದ್ದಲ್ಲವೆಂದು ಪ್ರಮಾಣ ಮಾಡಿ ಸಹಿ ಹಾಕಿದವನು ಧಣಿಯಲ್ಲ, ಅಳಿಯ. ಕಟಕಟೆ ಹತ್ತುವವನೂ ಅವನೇ.

ಅವರು ಬಿಳಿ ಹಾಳೆ ತೆಗೆದುಕೊಂಡರು. ಮೊದಲ ಸಾಲು ಮುಗಿಯುವಾಗ ಮಗಳು ಒಳಬಂದು ಮೇಜಿನ ಎದುರು ನಿಂತಳು.

"ಏನು ಬರೀತಿದ್ದೀರಾ ಅಪ್ಪ?"

"ಕಂಡದ್ದು."

"ನಮ್ಮವರು ಲಾರಿ ಹತ್ತಿದ ದಿನ ಫೋನ್ ಹೊಡ್ಕೊಂಡ್ರೆ ಸಾಕು, ಜೀವ ಬಾಯಿಗೆ ಬರ್ತಿತ್ತು. ಇನ್ಮೇಲೆ ಸ್ಟೇರಿಂಗ್ ಮುಟ್ಟಲ್ಲ ಅಂದ ದಿನ ಕಣ್ತುಂಬಾ ನಿದ್ದೆ ಮಾಡ್ದೆ. ನಾನು ಕೇಳಿದ್ದು ಅಷ್ಟೇ."

"ಆ ಜಾಗದಲ್ಲಿ ಇನ್ನೊಬ್ಬ ಕೂರ್ತಾನಮ್ಮ."

"ಕೂರಲಿ."

ಹೇಳಿದ ಮೇಲೆ ಅವಳೇ ಬೆಚ್ಚಿದಳು. ತನ್ನ ಮಾತು ಕೋಣೆಯಲ್ಲಿ ಎಲ್ಲಿ ಬಿತ್ತೆಂದು ಹುಡುಕುವವಳಂತೆ ನೆಲ ನೋಡಿದಳು. "ನೋಡಿ, ಎಂಥವಳಾಗಿದ್ದೀನಿ. ಆದ್ರೂ ಕೂರಲಿ ಅಪ್ಪ."

ಪೆನ್ನು ನಿಂತಿತ್ತು. ಗೋಡೆ ಒಡೆದ ಮನೆಯಲ್ಲಿ ಅಂದು ಒಂದು ತಟ್ಟೆ ಬೋರಲಾಗಿ, ಇನ್ನೊಂದು ಅನ್ನದ ಸಮೇತ ನೆಟ್ಟಗೆ ಕುಳಿತಿದ್ದುದನ್ನು ಅವರು ಯಾರಿಗೂ ಹೇಳಿರಲಿಲ್ಲ; ವರದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಈಗಲೂ ಹೇಳಲಿಲ್ಲ.

"ಜೈಲಾಗುತ್ತಾ?"

"ಆಗಬಹುದು. ಜೀವಂತ ಇರ್ತಾನೆ."

"ಅದನ್ನ ಅವರ ಮುಖ ನೋಡಿ ಹೇಳಿ, ನೋಡೋಣ."

ಅವರು ಬೆಸುಗೆಯ ಕವಲನ್ನು ಬರೆದರು. ಉಜ್ಜಿದ ಅಂಕಿಗಳನ್ನು ಬರೆದರು, ರಬ್ಬರ್ ಪಟ್ಟಿಯನ್ನೂ. ಕೊನೆಗೆ ಅರ್ಜಿದಾರನೊಂದಿಗಿನ ಸಂಬಂಧ ಬರೆಯಬೇಕಿತ್ತು. ಮಗಳ ಗಂಡ ಎಂದು ಬರೆದು ಸಹಿ ಹಾಕಿದರು. ಎದ್ದು ಹೋಗಿ ಹಾಳೆಯನ್ನು ಪಕ್ಕದ ಮೇಜಿನ ಮೇಲಿಟ್ಟರು. ದೊಡ್ಡ ಹೊಟ್ಟೆಯ ಮನುಷ್ಯ ಅದನ್ನು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ‘ಸ್ವೀಕರಿಸಿದೆ’ ಎಂಬ ಮುದ್ರೆ ಒತ್ತಿದರು.

ಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ, ಬೆವರಿದ್ದಳು.

"ಇನ್ನು ನಮ್ಮ ಮನೆಗೆ ಬರಬೇಡಿ ಅಪ್ಪ. ಬಂದ್ರೆ ನಾನು ಒಳಗೆ ಕರೀತೀನಿ. ಅದಕ್ಕೇ ಬರಬೇಡಿ."

ಅವರು ಏನೋ ಹೇಳಲು ಹೊರಟರು. ಅವಳು ಅಷ್ಟರಲ್ಲಿ ತಿರುಗಿದ್ದಳು. ಬಾಗಿಲು ತೆರೆದೊಡನೆ ಕಚೇರಿಯ ಓಣಿಯಂಥ ನಡುಹಾದಿಯ ಗದ್ದಲ ಒಂದು ಕ್ಷಣ ಒಳನುಗ್ಗಿತು. ಅವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.