ಒಂಟಿ, ಕಿವಿ ಮಂದ, ಕೊರಳಲ್ಲಿ ದಪ್ಪ ಸರ

ಬೆಟ್ಟದ ಬುಡದಲ್ಲಿ ಒಂದು ಗೇಟು, ಗೇಟಿನ ಪಕ್ಕದಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆ ಕಚೇರಿ, ಹಿಂದಿನದು ಸಂಸಾರ. ನಡುವೆ ಬಾಗಿಲಿರಲಿಲ್ಲ, ಹಳೆಯ ಹೊದಿಕೆಯೊಂದನ್ನು ಪರದೆಯಾಗಿ ಇಳಿಬಿಟ್ಟಿದ್ದರು. ಪರದೆಯ ಈಚೆ ಕೂತರೆ ಅವಳು ಬೆಟ್ಟದ ದಾರಿಯ ಕಾವಲಿನವಳು, ಆಚೆ ಹೋದರೆ ಉಬ್ಬಸದ ಗಂಡನ ಹೆಂಡತಿ. ಬೆಟ್ಟ ಹತ್ತಲು ಬರುವವರೆಲ್ಲ ಅವಳನ್ನು ಗೇಟಮ್ಮ ಎಂದೇ ಕರೆಯುತ್ತಿದ್ದರು. ಗಂಡನೂ ತಮಾಷೆಗೆ ಬಿದ್ದಾಗ ಹಾಗೆಯೇ ಕರೆಯುತ್ತಿದ್ದ.

ಗಂಡ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಇಂಜಿನ್ ಬಿಚ್ಚಿ ಕಟ್ಟಿದವನು. ಅಷ್ಟು ವರ್ಷದ ಹೊಗೆ ಎದೆಯೊಳಗೆ ಮನೆ ಮಾಡಿತ್ತು. ಒಳ್ಳೆಯ ಗಾಳಿ ಇರಬೇಕು, ಮೆಟ್ಟಿಲು ಇರಬಾರದು ಎಂದು ಡಾಕ್ಟರು ಹೇಳಿದ್ದರು. ಊರೊಳಗೆ ಗಾಳಿ ಇರುವ ಮನೆಗಳಿಗೆಲ್ಲ ಮೆಟ್ಟಿಲಿತ್ತು, ಮೆಟ್ಟಿಲಿಲ್ಲದ ಮನೆಗಳಿಗೆ ಗಾಳಿ ಇರಲಿಲ್ಲ. ಎರಡೂ ಕೂಡಿಬಂದದ್ದು ಈ ಗೇಟಿನ ಮನೆಯಲ್ಲಿ ಮಾತ್ರ. ಕೆಲಸ ಇರುವವರೆಗೆ ಮನೆ. ಕೆಲಸ ಹೋದರೆ ಮಂಚ, ಪಾತ್ರೆ, ಗಂಡ ಎಲ್ಲವನ್ನೂ ಎತ್ತಿಕೊಂಡು ಹೊರಡಬೇಕು.

ಬೆಟ್ಟಕ್ಕೆ ಇರುವುದು ಎಲ್ಲರಿಗೂ ಸೇರಿದ ದಾರಿ. ಗೇಟು ದಾಟಿ ಸ್ವಲ್ಪ ದೂರದಲ್ಲಿ ಅದು ಎರಡಾಗಿ ಕವಲೊಡೆಯುತ್ತಿತ್ತು, ಒಂದು ಕೆರೆಯ ಕಡೆಗೆ, ಇನ್ನೊಂದು ಬಂಡೆಯ ಕಡೆಗೆ. ನಡೆಯುವವರು, ಓಡುವವರು, ಸೈಕಲ್ಲಿನವರು, ನಾಯಿ ಕಟ್ಟಿಕೊಂಡು ಬರುವವರು, ಎಲ್ಲರೂ ಅಲ್ಲೇ. ಸೈಕಲ್ಲಿನವರು ಗಂಟೆ ಬಾರಿಸುವುದಿಲ್ಲವೆಂದು ನಡೆಯುವವರ ದೂರು, ನಡೆಯುವವರು ದಾರಿ ತುಂಬ ಹರಡಿಕೊಂಡು ಮದುವೆ ದಿಬ್ಬಣದಂತೆ ಹೋಗುತ್ತಾರೆಂದು ಸೈಕಲ್ಲಿನವರ ದೂರು. ಎಷ್ಟೋ ವರ್ಷ ಆ ಬೆಟ್ಟದಲ್ಲಿ ನಡೆದ ಅಪರಾಧವೆಂದರೆ ಅಷ್ಟೇ. ಅವಳ ಪುಸ್ತಕದಲ್ಲಿ ಆಗ ನಾಲ್ಕೇ ಕಾಲಂ ಇದ್ದವು: ಹೆಸರು, ಹತ್ತಿದ ಹೊತ್ತು, ಇಳಿದ ಹೊತ್ತು, ಸಹಿ. ಬಂದವರು ಗೀಚಿದರೆ ಓದಲಾಗುವುದಿಲ್ಲವೆಂದು ಅವರು ಹೇಳಿದ್ದನ್ನು ಅವಳೇ ಬರೆಯಬೇಕೆಂಬ ನಿಯಮವಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಅವಳ ಅಕ್ಷರ ಮಣಿ ಪೋಣಿಸಿದಂತಿತ್ತು, ಸಂತೆಯ ಆಚೆ ಬದಿಯಿಂದಲೂ ಓದಬಹುದಿತ್ತು.

ಒಂದು ವರ್ಷ ಮುಖಕ್ಕೆ ಬಟ್ಟೆ ಕಟ್ಟಿಕೊಂಡವನೊಬ್ಬ ಒಂಟಿಯಾಗಿ ಓಡುತ್ತಿದ್ದ ಹುಡುಗಿಯ ಫೋನು ಕಿತ್ತುಕೊಂಡ. ದಾರಿ ಸಮಿತಿಯ ಅಧ್ಯಕ್ಷರು ತಕ್ಷಣ ಸಭೆ ಕರೆದರು. ಅವರು ಅಂಕಿಸಂಖ್ಯೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಷ್ಟ ಯಾವುದೇ ಇರಲಿ, ಒಂದು ಗೆರೆ ಎಳೆದರೆ ಅರ್ಧ ಪರಿಹಾರವಾಯಿತೆಂದು ನಂಬಿದ್ದವರು. ಪುಸ್ತಕಕ್ಕೆ ಐದನೆಯ ಕಾಲಂ ಬಂತು: ಒಂಟಿಯೋ, ಜೊತೆಗಾರರಿದ್ದಾರೋ. ಮುಂದಿನ ತಿಂಗಳು ಯಾರದೋ ಕಾರಿನ ಡಿಕ್ಕಿ ತೆರೆದು ಚೀಲ ಹೊತ್ತೊಯ್ದರು. ವಾಹನದ ನಂಬರು, ನಿಲ್ಲಿಸಿದ ಜಾಗ ಎಂದು ಎರಡು ಕಾಲಂ ಬಂದವು. ಆಮೇಲೆ ಒಬ್ಬ ಹೆಂಗಸಿನ ಬಳೆ ಹೋಯಿತು. ಏನೇನು ಕಳೆದುಹೋಯಿತೆಂದು ಪತ್ತೆ ಹಚ್ಚಲು ಸುಲಭವಾಗಲೆಂದು, ಮೈಮೇಲಿರುವ ಬೆಲೆಬಾಳುವ ವಸ್ತುಗಳಿಗೂ ಒಂದು ಕಾಲಂ. ಅದೇ ಹುರುಪಿನಲ್ಲಿ ಯಾವ ದಾರಿ, ಎಲ್ಲಿ ಕೂತು ವಿಶ್ರಾಂತಿ, ಕಿವಿ ಕಣ್ಣು ಹೃದಯದ ತೊಂದರೆ ಏನಾದರೂ ಇದೆಯೇ ಎಂದು ಇನ್ನೂ ಮೂರು. ಕಾಲಂ ಹೆಚ್ಚಿದಂತೆಲ್ಲ ಇನ್ನೂ ಆರು ಫೋನು ಹೋದವು. ಹನ್ನೊಂದು ಕಾಲಮ್ಮಿನ ಪುಸ್ತಕ ಮೇಜಿಗಿಂತ ಅಗಲವಾಯಿತು. ಅದು ಸದಾ ತೆರೆದೇ ಇರಬೇಕು, ಸಾರ್ವಜನಿಕರು ಯಾರು ಬೇಕಾದರೂ ನೋಡಬಹುದು ಎಂಬುದು ಅಧ್ಯಕ್ಷರ ಕಟ್ಟುನಿಟ್ಟು.

“ಮಾಹಿತಿ ಇದ್ದ ಕಡೆ ಭಯ ಇರಲ್ಲ ಕಣಮ್ಮ,” ಎಂದು ಅವರು ಅವಳಿಗೆ ತಿಳಿಹೇಳಿದರು. ಅದರ ಜೊತೆಗೇ ಇನ್ನೊಂದು ಕಳ್ಳತನವಾದರೆ ಅವಳನ್ನು ಬಿಡಿಸಿ ಕಂಪನಿಯ ಗಾರ್ಡನ್ನು ತರುವುದಾಗಿಯೂ ಹೇಳಿದರು. ಗಾರ್ಡಿಗೆ ಸಂಸಾರ ಇರುವುದಿಲ್ಲ, ಹಿಂದಿನ ಕೋಣೆಯಲ್ಲಿ ಸಮಿತಿಯ ಕುರ್ಚಿಗಳನ್ನು ಇಡಬಹುದು ಎಂದು ಪರದೆ ಸರಿಸಿ ಒಳಗೆ ಕಣ್ಣು ಹಾಯಿಸಿಯೂ ಹೋದರು. ಗಂಡ ಮಲಗಿದ್ದಲ್ಲಿಂದಲೇ ಕೈ ಮುಗಿದ.

ಈ ಹನ್ನೊಂದು ಕಾಲಮ್ಮನ್ನು ಓದುವ ತಾಳ್ಮೆ ಊರಲ್ಲಿ ಒಬ್ಬರಿಗೇ ಇತ್ತು. ಹಕ್ಕಿ ಸಾಹೇಬರಿಗೆ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಕೋಲು, ತೊಳೆದು ಇಸ್ತ್ರಿ ಮಾಡಿದ ಅಂಗಿ. ದಿನಾ ಬೆಳಿಗ್ಗೆ ಬಂದು, ತಮ್ಮ ವಿವರ ಬರೆಸಿ, ಆಮೇಲೆ ಮೇಲಿನಿಂದ ಕೆಳಗೆ ಬೆರಳಿಟ್ಟು ಪುಟ ಓದುತ್ತಿದ್ದರು. ಜನ ಯಾವ ಕಡೆ ಹೋಗಿದ್ದಾರೆಂದು ತಿಳಿದರೆ ಹಕ್ಕಿ ಯಾವ ಕಡೆ ಹಾರಿದೆಯೆಂದು ತಿಳಿಯುತ್ತದೆ ಎನ್ನುತ್ತಿದ್ದರು. ಅವಳ ಅಕ್ಷರವನ್ನು ಹೊಗಳದೆ ಹೋದ ದಿನವಿಲ್ಲ. ಅಷ್ಟು ಶ್ರದ್ಧೆ ನೋಡಿ ಅಧ್ಯಕ್ಷರು ಅವರನ್ನು ಸುರಕ್ಷತಾ ಉಪಸಮಿತಿಗೆ ಹಾಕಿಕೊಂಡಿದ್ದರು. ವಿಶ್ರಾಂತಿಯ ಜಾಗಕ್ಕೆ ಒಂದು ಕಾಲಂ ಬೇಕೆಂದವರೂ ಅವರೇ.

ಆಗ ನಡೆದದ್ದು ಕ್ಯಾಮೆರಾದ ಪ್ರಸಂಗ. ವಿಮಾ ಏಜೆಂಟನೊಬ್ಬ ಹೊಸ ಬೂಟು ಹಾಕಿಕೊಂಡು ಒಬ್ಬನೇ ಬಂದ. ಬೆಲೆಬಾಳುವ ವಸ್ತು ಏನಾದರೂ ಇದೆಯೇ ಎಂದು ಅವಳು ಕೇಳಿದಾಗ, ಹಿಂದೆ ಸಾಲಿನಲ್ಲಿ ಹೆಂಗಸರಿದ್ದರು ನೋಡಿ, ಎದೆ ಸೆಟೆಸಿ ದೊಡ್ಡ ಲೆನ್ಸಿನ ಕ್ಯಾಮೆರಾ ಎಂದ. ಅವಳು ಬರೆದುಕೊಂಡಳು. ಒಂದು ಗಂಟೆಯೊಳಗೆ ಮುಖ ಬಿಳಿಚಿಕೊಂಡು ವಾಪಸ್ ಬಂದ. ಮುಖಕ್ಕೆ ಬಟ್ಟೆ ಕಟ್ಟಿದವನು ಬಂಡೆ ಮರೆಯಿಂದ ಬಂದು, ಕ್ಯಾಮೆರಾ ಕೊಡು ಎಂದು ಚೀಲ ಕಿತ್ತುಕೊಂಡು ಓಡಿದನಂತೆ. ಪೊಲೀಸಿಗೆ ಹೇಳೋಣವೆಂದರೆ ಏಜೆಂಟನಿಗೆ ಇಷ್ಟವಿಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿ, ಚೀಲದಲ್ಲಿ ಇದ್ದದ್ದು ಒಂದು ಟವೆಲು, ಒಂದು ಕೊಡೆ ಎಂದು ಒಪ್ಪಿಕೊಂಡ. ದೂರು ಕೊಡುವವರೇ ಇಲ್ಲದ್ದರಿಂದ ಸಮಿತಿ ಅದನ್ನು ಕಳ್ಳತನವೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಮನೆ ಒಂದು ಕೊಡೆಯ ದೆಸೆಯಿಂದ ಉಳಿಯಿತು.

ಮಧ್ಯಾಹ್ನ ಗಂಡನಿಗೆ ಬಿಸಿನೀರು ಕೊಡುತ್ತ ಇದನ್ನು ನಗಾಡಿಕೊಂಡು ಹೇಳಿದಳು. ಅವನು ನಗಲಿಲ್ಲ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಉಸಿರೆಳೆದುಕೊಂಡ.

“ಕಳ್ಳ ಕ್ಯಾಮೆರಾ ಕೊಡು ಅಂದ್ನಾ?”

“ಹೂಂ. ದೊಡ್ಡ ಲೆನ್ಸಿಂದು ಅಂತಲೂ ಅಂದ್ನಂತೆ.”

“ಆ ಕ್ಯಾಮೆರಾ ಎಲ್ಲಿತ್ತೇ?”

ಅವಳು ಪರದೆ ಸರಿಸಿ ಮೇಜಿನ ಕಡೆ ನೋಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು: “ಎಲ್ಲೂ ಇರಲಿಲ್ಲ. ನನ್ನ ಪುಸ್ತಕದಲ್ಲಿತ್ತು.”

ಡಿಕ್ಕಿಯ ಚೀಲದವರು, ಬಳೆಯ ಹೆಂಗಸು, ಆಮೇಲೆ ಫೋನು ಕಳಕೊಂಡವರು, ಎಲ್ಲರೂ ಸಾಲಾಗಿ ಕಣ್ಣ ಮುಂದೆ ಬಂದು ನಿಂತರು. ಯಾರು ಒಂಟಿ, ಯಾರ ಕೈಯಲ್ಲಿ ಏನಿದೆ, ಯಾವ ತಿರುವಿನಲ್ಲಿ ಕೂರುತ್ತಾರೆ, ಯಾರಿಗೆ ಕಿವಿ ಕೇಳಿಸುವುದಿಲ್ಲ, ಎಲ್ಲವನ್ನೂ ತಾನೇ ಮುತ್ತಿನಂಥ ಅಕ್ಷರದಲ್ಲಿ ಬಡಿಸಿಟ್ಟಿದ್ದಳು. ಬೆರಳಿಟ್ಟು ಓದುವವರು ಯಾರೆಂದು ಗಂಡ ಹೆಂಡತಿ ಇಬ್ಬರ ಮನಸ್ಸಿಗೂ ಬಂತು. ಬಾಯಿಬಿಟ್ಟು ಆಡಲಿಲ್ಲ. ಉಪಸಮಿತಿಯ ಸದಸ್ಯರ ಮೇಲೆ ಗೇಟು ಕಾಯುವವಳು ಬೊಟ್ಟು ಮಾಡಿದರೆ ಸಂಜೆಯೊಳಗೆ ಕುರ್ಚಿಗಳು ಬಂದಿಳಿಯುತ್ತಿದ್ದವು.

ಮರುದಿನ ಅಧ್ಯಕ್ಷರ ಮನೆಗೆ ಹೋಗಿ, ಪುಸ್ತಕ ಮುಚ್ಚಿಡಲು ಅಪ್ಪಣೆ ಕೇಳಿದಳು. ಬರೆಯುವುದಕ್ಕೆ ಬೇಜಾರೇ ಎಂದು ಅವರು ಕೇಳಿದರು. ಅಲ್ಲವೆಂದಳು. ಹಾಗಿದ್ದರೆ ಮುಚ್ಚಿಡುವಂಥದ್ದು ಏನಿದೆ ಎಂದರು. ಅದಕ್ಕೆ ಅವಳಲ್ಲಿ ಇದ್ದದ್ದು ಕೊಡಬಾರದ ಉತ್ತರ ಮಾತ್ರ. ಕೈ ಮುಗಿದು ಬಂದಳು.

ಅದರ ಮರುದಿನ ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಬಂದಳು. ಡ್ಯೂಟಿ ಮುಗಿಸಿ ಒಬ್ಬಳೇ ಒಂದು ಸುತ್ತು ಹೋಗಿಬರುವುದು ಅವಳ ರೂಢಿ. ಎಂದಿನಂತೆ ಒಂಟಿ ಎಂದಳು, ಸಹಿ ಹಾಕಿ ಹೊರಟಳು. ಗೇಟಮ್ಮ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಜೀವಮಾನದಲ್ಲಿ ಬರೆದು ಸುಳ್ಳು ಹೇಳಿದವಳಲ್ಲ. ಕೊನೆಗೆ ಐದನೆಯ ಕಾಲಮ್ಮಿನಲ್ಲಿ ಬರೆದಳು: ಮೂವರು ಮೈದುನರೊಂದಿಗೆ, ಒಟ್ಟು ನಾಲ್ವರು. ಇನ್ನೂ ಮದುವೆಯೇ ಆಗದ ಆ ಹುಡುಗಿ ಮೂವರು ಮೈದುನರನ್ನು ಕಟ್ಟಿಕೊಂಡು ಬೆಟ್ಟ ಸುತ್ತಿ ಕ್ಷೇಮವಾಗಿ ಇಳಿದಳು.

ಒಮ್ಮೆ ಶುರುಮಾಡಿದ ಮೇಲೆ ಕೈ ಪಳಗಿತು. ಒಂಟಿಯಾಗಿ ಬರುತ್ತಿದ್ದ ನಿವೃತ್ತ ಮೇಷ್ಟ್ರು ಪೊಲೀಸ್ ತರಬೇತಿ ಶಾಲೆಯ ಹನ್ನೊಂದು ಮಂದಿಯಾದರು. ದರ್ಜಿ ಹೆಂಗಸಿನ ಬಂಗಾರದ ಬಳೆ ಗಾಜಿನದಾಯಿತು, ಅವಳ ಪುಟ್ಟ ನಾಯಿ ಎರಡು ದೊಡ್ಡ ನಾಯಿಗಳಾದವು. ಯಾರು ನಿಜವಾಗಿ ಎಷ್ಟು ಜನ, ಇಳಿದರೋ ಇಲ್ಲವೋ ಎಂಬ ಲೆಕ್ಕವನ್ನು ಪರದೆಯ ಆಚೆಯಿಂದ ಕೇಳಿಸಿಕೊಂಡು ಗಂಡ ತಲೆಯಲ್ಲಿಟ್ಟುಕೊಳ್ಳುತ್ತಿದ್ದ. ಮೂವತ್ತು ವರ್ಷ ಯಾವ ಬೋಲ್ಟು ಯಾವ ಇಂಜಿನ್ನಿನದೆಂದು ನೆನಪಿಟ್ಟವನಿಗೆ ಅದೇನು ದೊಡ್ಡದಲ್ಲ. ಆದರೆ ಬೆಟ್ಟದಲ್ಲಿ ಒಂಟಿಯವರೇ ಇಲ್ಲವೆಂದರೆ ಓದುವವರಿಗೆ ಅನುಮಾನ ಬರುವುದಿಲ್ಲವೇ ಎಂದು ಅವನೇ ಎಚ್ಚರಿಸಿದ. ಹಾಗಾಗಿ ದಿನಕ್ಕೊಬ್ಬರಾದರೂ ಒಂಟಿಯವರು ಬೇಕಾದರು. ಗುಂಪಾಗಿ ಬಂದವರನ್ನೇ ಒಂಟಿ ಮಾಡಿ ಬರೆಯತೊಡಗಿದಳು.

ಹದಿನಾಲ್ಕನೆಯ ತಾರೀಖು ಒಂಬತ್ತು ಮಂದಿ ಸೈಕಲ್ಲಿನವರು ಬಂದರು. ಗರಡಿಯಲ್ಲಿ ಪಳಗಿದ ಮೈ, ಒಬ್ಬೊಬ್ಬನೂ ಬಾಗಿಲಿನಷ್ಟು ಅಗಲ. ಅವರು ಆಚೆ ಹೋದ ಮೇಲೆ ಅವಳು ಸಮಾಧಾನವಾಗಿ ಬರೆದಳು: ಮುದುಕ. ಒಂಟಿ. ಕಿವಿ ಮಂದ. ಕೊರಳಲ್ಲಿ ದಪ್ಪ ಸರ. ಬಂಡೆಯ ದಾರಿ, ಎರಡನೆಯ ತಿರುವಿನ ಬೆಂಚಿನಲ್ಲಿ ವಿಶ್ರಾಂತಿ. ಹಕ್ಕಿ ಸಾಹೇಬರು ಸ್ವಲ್ಪ ಹೊತ್ತಿಗೆ ಬಂದು, ತಾವು ಕೆರೆಯ ದಾರಿಗೆ ಹೋಗುವುದಾಗಿ ಬರೆಸಿ, ಪುಟ ಓದಿ, ಅಕ್ಷರ ಹೊಗಳಿ ಹೋದರು.

ಸೈಕಲ್ಲಿನವರು ನಗುತ್ತಲೇ ಇಳಿದು ಬಂದರು. ಒಬ್ಬ ತಲೆಗೆ ಟವೆಲು ಹೊದ್ದು ಬೆಂಚಿನ ಮೇಲೆ, ಉಳಿದವರು ಬಂಡೆಯ ಹಿಂದೆ ಕೂತಿದ್ದರಂತೆ. ಮುಖಕ್ಕೆ ಬಟ್ಟೆ ಕಟ್ಟಿದವನೊಬ್ಬ ನುಗ್ಗಿ ಬಂದು, ಅಜ್ಜ ಸರ ತೆಗಿ ಎಂದನಂತೆ. ಒಂಬತ್ತು ಜನ ಎದ್ದು ನಿಂತದ್ದನ್ನು ನೋಡಿ ಮುಳ್ಳುಪೊದೆಯೊಳಗೆ ಉರುಳಿಕೊಂಡು ಹೋದನಂತೆ. ಹುಚ್ಚನಿರಬೇಕು ಎಂದುಕೊಂಡು ಅವರು ಮನೆಗೆ ಹೋದರು. ಹಕ್ಕಿ ಸಾಹೇಬರು ಮಧ್ಯಾಹ್ನ ಇಳಿದರು. ಇಸ್ತ್ರಿಯ ಅಂಗಿ ಚಿಂದಿಯಾಗಿತ್ತು, ಕೆನ್ನೆಯ ಮೇಲೆ ಗೀರುಗಳಿದ್ದವು. ಹಕ್ಕಿಯ ಹಿಂದೆ ಓಡಿ ಬಿದ್ದೆ ಎಂದರು. ಅವತ್ತು ಅಕ್ಷರ ಹೊಗಳಲಿಲ್ಲ.

ತಿಂಗಳ ಸಭೆಗೆ ಪೊಲೀಸ್ ಪೇದೆಯೂ ಬಂದಿದ್ದ. ಒಂದು ತಿಂಗಳಿಂದ ಒಂದು ಸೂಜಿಯೂ ಕಳುವಾಗಿಲ್ಲ, ಇದೆಲ್ಲ ಹನ್ನೊಂದು ಕಾಲಮ್ಮಿನ ಪ್ರಭಾವ ಎಂದು ಅಧ್ಯಕ್ಷರು ಓದಿ ಹೇಳಿದರು. ಗೋಡೆಯ ಪಕ್ಕ ನಿಂತಿದ್ದ ಗೇಟಮ್ಮನಿಗೆ ಮನೆ ಉಳಿಯಿತೆಂದು ಉಸಿರು ಬಂತು. ಆಗ ಹಕ್ಕಿ ಸಾಹೇಬರು ಎದ್ದು ನಿಂತರು. ಕೆನ್ನೆಯ ಗೀರು ಇನ್ನೂ ಪೂರ್ತಿ ಮಾಸಿರಲಿಲ್ಲ.

ಅವರ ಮಾತಿನಲ್ಲಿ ನಿಜವಾದ ನೋವಿತ್ತು. ಪುಸ್ತಕ ಸುಳ್ಳು ಹೇಳುತ್ತಿದೆ ಎಂದರು. ಸಾರ್ವಜನಿಕರು ನಂಬುವ ದಾಖಲೆಯಲ್ಲೇ ಪ್ರಾಮಾಣಿಕತೆ ಇಲ್ಲವಾದರೆ ಮನುಷ್ಯ ಯಾವುದನ್ನು ನೆಚ್ಚಿ ಹೆಜ್ಜೆ ಇಡಬೇಕು ಎಂದು ಕೇಳಿದರು. ಹದಿನಾಲ್ಕನೆಯ ತಾರೀಖು ಎರಡನೆಯ ತಿರುವಿನ ಬೆಂಚಿನಲ್ಲಿ ಕಿವುಡ ಮುದುಕನೊಬ್ಬ ಎಂದು ಬರೆದಿದೆ, ಅಲ್ಲಿ ಮುದುಕನೂ ಇರಲಿಲ್ಲ, ಸರವೂ ಇರಲಿಲ್ಲ, ಒಂಬತ್ತು ಜನ ದಾಂಡಿಗರಿದ್ದರು ಎಂದರು. ಇವಳನ್ನು ತೆಗೆದು, ನಿಜ ಬರೆಯುವ ಒಬ್ಬ ಗಾರ್ಡನ್ನು ಕೂಡಲೇ ಹಾಕಬೇಕು ಎಂದು ಒತ್ತಾಯ ಮಾಡಿದರು.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಇದು ನಿಜವೇ ಎಂದು ಅವಳನ್ನು ಕೇಳಿದರು.

“ನಿಜ, ಅಯ್ಯಾ. ಸುಳ್ಳು ಬರೆದವಳು ನಾನೇ.” ಕಣ್ಣ ಮುಂದೆ ಮಂಚ ಹೊರಗೆ ಬಿದ್ದಿತ್ತು. “ಆ ಒಂಬತ್ತು ಜನ ಇಳಿದು ಬಂದು ಹೇಳಿದ್ರು. ಅಲ್ಲಿರೋವರೆಗೂ ಅವರ ಹತ್ರ ಬಂದೋನು ಒಬ್ಬನೇ ಅಂತೆ. ಅವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ನಂತೆ.”

ಎಲ್ಲರೂ ಹಕ್ಕಿ ಸಾಹೇಬರ ಕಡೆ ತಿರುಗಿದರು. ಆ ಒಂಬತ್ತು ಜನರನ್ನು ದೂರದಿಂದ ದುರ್ಬೀನಿನಲ್ಲಿ ನೋಡಿದೆ ಎಂದರು ಹಕ್ಕಿ ಸಾಹೇಬರು. ಪೇದೆ ಪುಸ್ತಕ ತಿರುವಿದ. ಅವತ್ತು ಅವರು ಬರೆಸಿದ್ದು ಕೆರೆಯ ದಾರಿ. ಅದೊಂದು ಸಾಲನ್ನು ಅವರು ಹೇಳಿದಂತೆಯೇ ಗೇಟಮ್ಮ ಬರೆದಿದ್ದಳು. ಕೆರೆಗೂ ಆ ಬೆಂಚಿಗೂ ನಡುವೆ ಇಡೀ ಬೆಟ್ಟ ಇದೆ, ಅದರೊಳಗಿಂದ ಕಾಣಿಸುವ ದುರ್ಬೀನು ತನಗೂ ಒಂದು ಬೇಕಿತ್ತು ಎಂದು ಪೇದೆ ಮೆಲ್ಲಗೆ ಹೇಳಿದ. ಆಮೇಲೆ ಅವರ ಮನೆಗೆ ಹೋಗಿ ನೋಡಿದರೆ, ಏಳು ಫೋನು, ಒಂದು ಜೊತೆ ಬಳೆ, ಡಿಕ್ಕಿಯ ಚೀಲ, ಟವೆಲು ಮತ್ತು ಕೊಡೆ ಕಪಾಟಿನಲ್ಲಿ ತಾರೀಖು ಬರೆದ ಚೀಟಿಯೊಂದಿಗೆ ಒಪ್ಪವಾಗಿ ಕೂತಿದ್ದವು.

ಅಲ್ಲಿಗೆ ಮುಗಿಯಿತೆಂದು ಅವಳು ತಿಳಿದಳು. ಅಧ್ಯಕ್ಷರು ತಿಳಿಯಲಿಲ್ಲ. ಕಳ್ಳ ಸಿಕ್ಕಿದ್ದು ಒಂದು ವಿಷಯ, ದಾಖಲೆ ತಿದ್ದಿದ್ದು ಇನ್ನೊಂದು ವಿಷಯ ಎಂದರು. ಅವಳ ಮೇಲೆ ವಿಚಾರಣೆ ನಡೆಸಿ, ಸುಳ್ಳು ಸಾಲುಗಳನ್ನು ಒಂದೊಂದಾಗಿ ಗುರುತಿಸಿ, ಆಮೇಲೆ ಕೆಲಸದಿಂದ ತೆಗೆಯಬೇಕೆಂದು ತೀರ್ಮಾನವಾಯಿತು. ಮೊದಲ ದಿನವೇ ಕುರ್ಚಿ ಹಾಕಿಕೊಂಡು ಕೂತು ಪುಸ್ತಕ ತರಲು ಹೇಳಿದರು. ಪುಸ್ತಕ ಇರಲಿಲ್ಲ. ಕಳ್ಳನ ವಿರುದ್ಧ ಸಾಕ್ಷಿಯೆಂದು ಪೊಲೀಸರು ಅದನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಕೋರ್ಟಿಗೆ ಒಪ್ಪಿಸಿದ್ದರು. ಕೇಸು ಮುಗಿಯುವವರೆಗೆ ಅದು ಹೊರಗೆ ಬರುವುದಿಲ್ಲ. ಮೂಲ ಪುಸ್ತಕವಿಲ್ಲದೆ ವಿಚಾರಣೆ ನಡೆಸುವಂತಿಲ್ಲ, ವಿಚಾರಣೆ ಮುಗಿಯದೆ ಕೆಲಸದಿಂದ ತೆಗೆಯುವಂತಿಲ್ಲ. ಈ ನಿಯಮ ಬರೆದವರೂ ಅಧ್ಯಕ್ಷರೇ.

ಈಗ ಅವಳು ಮೂರು ನಾಲ್ಕು ತಿಂಗಳಿಗೊಮ್ಮೆ ಒಳ್ಳೆಯ ಸೀರೆ ಉಟ್ಟು ಸಾಕ್ಷಿ ಹೇಳಲು ಕೋರ್ಟಿಗೆ ಹೋಗುತ್ತಾಳೆ. ಹಕ್ಕಿ ಸಾಹೇಬರ ಪರ ವಕೀಲರು ಪ್ರತಿ ಸಲ ಎದ್ದು, ಏನಾದರೊಂದು ಕಾರಣ ಹೇಳಿ ಮುಂದಿನ ತಾರೀಖು ಕೇಳುತ್ತಾರೆ. ನ್ಯಾಯಾಧೀಶರು ಹುಬ್ಬು ಗಂಟಿಕ್ಕಿ ಕೊಡುತ್ತಾರೆ. ಕಾದು ಕೂತ ಉಳಿದ ಸಾಕ್ಷಿಗಳೆಲ್ಲ ಗೊಣಗಿಕೊಂಡು ಏಳುವಾಗ, ಅವಳೊಬ್ಬಳು ವಕೀಲರಿಗೆ ನಮಸ್ಕಾರ ಮಾಡಿ ಹೊರಡುತ್ತಾಳೆ.

ಮೊನ್ನೆ ಹಾಗೆ ಬಂದು, ವಕೀಲರಿಗೆ ಕೆಮ್ಮಂತೆ, ಕೇಸು ಐದು ತಿಂಗಳು ಮುಂದಕ್ಕೆ ಹೋಯಿತು ಎಂದಳು. ಗಂಡ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಿದ್ದವನು ಗಾಬರಿಯಿಂದ ತಿರುಗಿದ.

“ಕೆಮ್ಮನ್ನ ಹಗುರಾಗಿ ತಗೋಬಾರ್ದು ಕಣೇ. ನಮ್ಮ ಡಾಕ್ಟರ ಹತ್ರ ತೋರಿಸ್ಕೊಳ್ಳೋಕೆ ಹೇಳಬೇಕಿತ್ತು.”

“ಹೇಳ್ದೆ,” ಎಂದಳು ಅವಳು. “ಚೀಟಿಯಲ್ಲಿ ವಿಳಾಸ ಬರ್ಕೊಟ್ಟು ಬಂದೆ.”