ಒಂದು ತಟ್ಟಿದರೆ ನಿಲ್ಲು

"ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಕಣಣ್ಣ," ಎನ್ನುತ್ತ ಮೇಸ್ತ್ರಿ ಪಿಕಪ್ಪಿನ ಅಡಿಯಿಂದ ತೆವಳಿಕೊಂಡು ಹೊರಗೆ ಬಂದ. ಎಣ್ಣೆ ಮೆತ್ತಿದ ಕೈಯನ್ನು ಅದಕ್ಕಿಂತ ಹೆಚ್ಚು ಎಣ್ಣೆ ಕುಡಿದಿದ್ದ ಬಟ್ಟೆಗೆ ಒರೆಸಿಕೊಂಡ. "ಎಂಜಿನ್ ಪೂರ್ತಿ ಬಿಚ್ಚಬೇಕು. ಕ್ಲಚ್ ಪ್ಲೇಟು ಕಾಗದ ಆಗಿದೆ. ಗೇರ್‌ಬಾಕ್ಸು ಆ ದೇವರಿಗೇ ಪ್ರೀತಿ. ಇದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳೋದೇ ವಾಸಿ."

ಗಾಡಿಯ ಯಜಮಾನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ಮಂಚ, ಫ್ರಿಜ್ಜು, ಮಕ್ಕಳ ತೊಟ್ಟಿಲು, ಒಮ್ಮೆ ಈಜುವ ಮೀನುಗಳ ಸಮೇತ ಒಂದು ಗಾಜಿನ ತೊಟ್ಟಿ, ಎಲ್ಲವನ್ನೂ ಹದಿನೆಂಟು ವರ್ಷದಿಂದ ಇದೇ ಗಾಡಿ ಹೊತ್ತಿತ್ತು. ಉಕ್ಕಿನ ಬೀರುವನ್ನು ಒಬ್ಬನೇ ಬೆನ್ನಿಗೇರಿಸಿ ಮೂರು ಮಹಡಿ ಹತ್ತಿದ್ದರಿಂದ ಬೀದಿಯವರು ಅವನಿಗೆ ಬೀರಣ್ಣ ಎಂದು ಹೆಸರಿಟ್ಟಿದ್ದರು. ಅದು ಕುಡಿಯುವ ಬೀರಿನಿಂದ ಬಂದ ಹೆಸರಲ್ಲವೆಂದು ಹೊಸಬರಿಗೆಲ್ಲ ಬಿಡಿಸಿ ಹೇಳುವ ಕೆಲಸ ಅವನ ಹೆಂಡತಿಯದಾಗಿತ್ತು.

"ರಿಪೇರಿನೇ ಆಗ್ಲಿ. ಎಂಜಿನ್ ಬಿಚ್ಚು," ಅಂದ ಬೀರಣ್ಣ.

"ಸರಿ, ನಿನ್ನಿಷ್ಟ. ಹಾಗಾದ್ರೆ ಈ ಎಡಗಡೆ ತಗಡೂ ಬಿಗಿ ಮಾಡ್ಬಿಡ್ತೀನಿ. ಕೆಳಗಿನ ರಿವಿಟ್ ಎಲ್ಲಾ ಕಿತ್ತು ಹೋಗಿದೆ. ಅಲ್ಲಾಡ್ತಿದೆ ನೋಡು."

"ತಗಡು ಮುಟ್ಬೇಡ."

"ಯಾಕೆ? ಅರ್ಧ ಗಂಟೆ ಕೆಲಸ."

"ಮುಟ್ಬೇಡ ಅಂದ್ರೆ ಮುಟ್ಬೇಡ."

ಹೊಟ್ಟೆ ಕೊಯ್ಯಲು ಒಪ್ಪಿದ ರೋಗಿ ಉಗುರು ಮಾತ್ರ ಕತ್ತರಿಸಬೇಡಿ ಎಂದರೆ ವೈದ್ಯ ಹೇಗೆ ನೋಡಿಯಾನೋ ಹಾಗೆ ಮೇಸ್ತ್ರಿ ಅವನನ್ನು ನೋಡಿದ. ಆಮೇಲೆ, ಗಿರಾಕಿಗಳ ಹುಚ್ಚಿಗೆಲ್ಲ ಮದ್ದು ಕೊಡಲು ತಾನು ಯಾರು ಎಂದುಕೊಂಡು ಪಾನಾ ಹುಡುಕಲು ಹೋದ.

ಮನೆಯಲ್ಲಿ ಹೆಂಡತಿಯ ಲೆಕ್ಕಾಚಾರವೇ ಬೇರೆಯಿತ್ತು. ಬುಕ್ಕಿಂಗ್ ಫೋನು ಎತ್ತುವವಳು ಅವಳೇ. ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಬೀರುವಿನ ಕನ್ನಡಿ ಬಿಚ್ಚಬಹುದೇ ಎಂದೆಲ್ಲ ಕೇಳಿ ಬರೆದಿಡುವವಳೂ ಅವಳೇ. ಆ ತಿಂಗಳಲ್ಲೇ ಎರಡು ಸಲ ಗಾಡಿ ನಡುರಸ್ತೆಯಲ್ಲಿ ಕೆಟ್ಟು ನಿಂತು, ಗಿರಾಕಿಗಳ ಬೈಗುಳ ಅವಳ ಕಿವಿಗೆ ಬಿದ್ದಿತ್ತು. ಅಳೆದು ಸುರಿದು ಹೊಸ ಗಾಡಿಯೊಂದನ್ನು ಗೊತ್ತುಮಾಡಿ, ಅದರ ಚಿತ್ರವಿದ್ದ ನುಣುಪು ಕಾಗದವನ್ನು ಊಟದ ಮೇಜಿನ ಮೇಲೆ ಹರಡಿದ್ದಳು.

"ರಿಪೇರಿಗೆ ಹೇಳಿ ಬಂದೆ," ಅಂದ ಬೀರಣ್ಣ.

ಅವಳು ಕಾಗದವನ್ನು ಮೆಲ್ಲನೆ ಮಡಚಿದಳು. ಜಗಳಕ್ಕೆ ಸಿದ್ಧಳಾಗಿದ್ದವಳು ಅವನ ಮುಖ ನೋಡಿ ಮೆತ್ತಗಾದಳು. "ನನ್ನ ತಮ್ಮ ಹತ್ತಿ ಇಳಿದ ಗಾಡಿ ಅಂತ ತಾನೆ ಬಿಡೋಕಾಗ್ತಿಲ್ಲ ನಿಮಗೆ?"

"ಹೂಂ," ಅಂದ.

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಏಳು ವರ್ಷದಿಂದ ಅವನು ಇಂಥ ಅರ್ಧ ಮಾತುಗಳಲ್ಲೇ ಸಂಸಾರ ನಡೆಸಿದ್ದ. ಮನುಷ್ಯ ಒಳ್ಳೆಯವನೇ, ಆದರೆ ಹೆದರುಪುಕ್ಕಲ. ಮೂರು ಮಹಡಿ ಬೀರು ಹೊತ್ತ ಬೆನ್ನಿಗೆ ಒಂದು ಮಾತಿನ ಭಾರ ಹೊರಲು ಆಗಿರಲಿಲ್ಲ.

ಹೆಂಡತಿಯ ತಮ್ಮ, ಅಂದರೆ ಅವನ ಭಾಮೈದ, ಹನ್ನೊಂದು ವರ್ಷ ಆ ಗಾಡಿಯ ಹಿಂದೆ ನಿಂತು ದುಡಿದವನು. ಅಷ್ಟು ನಿಧಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ಗಾಜಿನ ಲೋಟ ಕಟ್ಟುವುದಕ್ಕೂ ಹಗ್ಗದ ಗಂಟು ಬಿಚ್ಚುವುದಕ್ಕೂ ಅವನಿಗೆ ಅವನದೇ ಗಡಿಯಾರ. ಬೀದಿಯ ಮಕ್ಕಳೂ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಗಾಡಿ ಹಿಂದಕ್ಕೆ ತೆಗೆಯುವಾಗ ಅವನು ಎಡಗಡೆಯ ತಗಡಿಗೆ ಅಂಗೈಯಿಂದ ತಟ್ಟುತ್ತಿದ್ದ. ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲು. ಈ ಕಸುಬಿನಲ್ಲಿ ಎಲ್ಲರ ಭಾಷೆಯೂ ಅದೇ. ಇವರ ಮನೆಯಲ್ಲಂತೂ ಊಟಕ್ಕೆ ಕೂತಾಗಲೂ ಅದೇ ನಡೆಯುತ್ತಿತ್ತು. ಅಕ್ಕ ಬಡಿಸುತ್ತಿದ್ದರೆ ಸಾಕು ಎನ್ನುವುದಕ್ಕೆ ಅವನು ತಟ್ಟೆಯ ಪಕ್ಕ ಒಂದು ತಟ್ಟುತ್ತಿದ್ದ.

ಏಳು ವರ್ಷದ ಹಿಂದಿನ ಆ ದಿನ ಒಂದು ಇಕ್ಕಟ್ಟಾದ ಓಣಿ. ಕೊನೆಯಲ್ಲಿ ಎದೆಯೆತ್ತರದ ಗೋಡೆ, ಗೋಡೆಯ ಬುಡದಲ್ಲಿ ಯಾರದೋ ಹೂಕುಂಡ. ಹಿಂದಿನಿಂದ ತಟ್ಟಿದ ಸದ್ದು ಬಂತು. ಟಪ್, ಟಪ್. ಬೀರಣ್ಣ ಗಾಡಿ ಹಿಂದಕ್ಕೆ ಬಿಟ್ಟ. ಕುಂಡವನ್ನು ಎತ್ತಿಡಲು ಬಗ್ಗಿದ್ದ ನಿಧಾನಪ್ಪ ಗಾಡಿಗೂ ಗೋಡೆಗೂ ನಡುವೆ ಸಿಕ್ಕಿದ. ಆಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿದಿತ್ತು.

ಎಲ್ಲರೂ ಕೇಳಿದರು, ಪೊಲೀಸರೂ ಕೇಳಿದರು. "ಎರಡು ಸಲ ತಟ್ಟಿದ, ನಾನು ಬಿಟ್ಟೆ," ಅಂದ ಬೀರಣ್ಣ. ಅವನಿಗೆ ಕೇಳಿಸಿದ್ದನ್ನೇ ಅವನು ಹೇಳಿದ್ದ. ಬಾ ಎಂದು ತಟ್ಟಿ, ತಾನೇ ಗಾಡಿಯ ಹಿಂದೆ ಬಗ್ಗಿದ, ಆತುರಪಟ್ಟ, ಹಣೆಬರಹ. ಜನ ಹಾಗೆಂದುಕೊಂಡರು, ಆಕಸ್ಮಿಕ ಎಂದು ಬರೆದುಕೊಂಡವರು ಬರೆದುಕೊಂಡರು.

ಮಗ ಹೋದ ಮೇಲೆ ಅತ್ತೆ ಇವರ ಮನೆಗೇ ಬಂದಳು. ಅವಳಿಗೆ ಕಿವಿ ಮಂದ. ಕಿವಿಗಿಡುವ ಯಂತ್ರ ತಂದುಕೊಟ್ಟರೆ, ಪಾತ್ರೆ ತೊಳೆಯುವ ಸದ್ದು ಬಿಟ್ಟು ಅದರಲ್ಲಿ ಬೇರೇನೂ ಕೇಳುವುದಿಲ್ಲವೆಂದು ಡಬ್ಬಿಯಲ್ಲಿಟ್ಟು ಮುಚ್ಚಿದ್ದಳು. ಯಾರಾದರೂ ಮಗನ ಮಾತು ತೆಗೆದರೆ ಅವಳು ಅಳುತ್ತಿರಲಿಲ್ಲ. "ಹುಟ್ಟಿದಾಗಿಂದ ಎಲ್ಲಾದಕ್ಕೂ ನಿಧಾನ, ಸಾಯೋದಕ್ಕೆ ಮಾತ್ರ ಆತುರ," ಎನ್ನುತ್ತಿದ್ದಳು. "ಆತುರಗಾರನಿಗೆ ಬುದ್ಧಿ ಮಟ್ಟ."

ನಿಧಾನಪ್ಪ ಹೋದ ಮೇಲೆ ಹಿಂದೆ ನಿಂತು ತಟ್ಟುವವರು ಇರಲಿಲ್ಲ. ಮೂರು ತಿಂಗಳಾಗಿದ್ದಾಗ ಒಂದು ಗೋದಾಮಿನ ಬಾಗಿಲಲ್ಲಿ ಕಾವಲುಗಾರನೊಬ್ಬ ಗಾಡಿಗೆ ತಟ್ಟಿದ. ಟಪ್, ಟಪ್. ಬೀರಣ್ಣ ಹಿಂದಕ್ಕೆ ಬಿಟ್ಟ. "ಏಯ್, ನಿಲ್ಸು ಅಂದ್ರೆ ಬಿಡ್ತೀಯಲ್ಲಯ್ಯಾ!" ಎಂದು ಅವನು ಕೂಗಿದ. ಬೀರಣ್ಣ ಇಳಿದು ಬಂದು ಎಷ್ಟು ಸಲ ತಟ್ಟಿದೆ ಎಂದು ಕೇಳಿದ. "ಒಂದೇ ಸಲ. ಕಿವಿ ಕೇಳಲ್ವಾ?"

ಬೀರಣ್ಣ ತಾನೇ ಒಂದು ತಟ್ಟಿದ. ಸಡಿಲ ತಗಡು ಒಳಕ್ಕೆ ಹೋಗಿ, ಹಿಂದಕ್ಕೆ ಚಿಮ್ಮಿ, ಚೌಕಟ್ಟಿನ ಕಂಬಿಗೆ ತಾನೇ ಇನ್ನೊಂದು ಹೊಡೆಯಿತು. ಮತ್ತೆ ತಟ್ಟಿದ. ಮತ್ತೆ ಎರಡು. ಹತ್ತು ಸಲ ತಟ್ಟಿ ನೋಡಿದ. ಆಮೇಲೆ ಗೋದಾಮಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ನಿಲ್ಲು ಎಂದು ತಟ್ಟಿದ್ದ ನಿಧಾನಪ್ಪ. ಭಾವ ನಿಲ್ಲಿಸುತ್ತಾನೆ ಎಂದು ನಂಬಿಯೇ ಕುಂಡಕ್ಕೆ ಬಗ್ಗಿದ್ದ. ಅಷ್ಟೇ ಆಗಿದ್ದರೆ ದೋಷ ತಗಡಿನದೆಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ತಗಡು ಇಷ್ಟು ಸಡಿಲವಾಗುವ ಮುಂಚೆಯೇ ಅವನು ಮೂರು ಸಲ ಹೇಳಿದ್ದ: "ಭಾವ, ಈ ತಗಡು ಸಡಿಲ ಆಗಿದೆ, ಎರಡು ರಿವಿಟ್ ಹೊಡೆಸೋಣ." ಮೂರು ಸಲವೂ ಭಾವ ನಾಳೆ ಅಂದಿದ್ದ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಅವನಿಗೂ ಗೊತ್ತಿತ್ತು. ಹಾಳಾದದ್ದು ಮಾತ್ರ ಅತ್ತೆಯ ಮನೆ.

ಅಂದೇ ಮನೆಗೆ ಹೋಗಿ ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡ. ಹೆಂಡತಿಯನ್ನೂ ಅತ್ತೆಯನ್ನೂ ಗಾಡಿಯ ಬಳಿ ಕರೆತಂದು, ಒಂದು ಸಲ ತಟ್ಟಿ ನೋಡಿ ಎನ್ನಬೇಕು. ಆಗ ತಗಡೇ ಎಲ್ಲ ಹೇಳುತ್ತದೆ. ಆ ದಿನ ಬರುವವರೆಗೆ ತಗಡು ಹಾಗೇ ಇರಬೇಕು, ಗಾಡಿಯೂ ಇರಬೇಕು. ನಿಧಾನಪ್ಪ ತಪ್ಪು ಮಾಡಲಿಲ್ಲವೆಂದು ಹೇಳಲು ಜಗತ್ತಿನಲ್ಲಿ ಬೇರೆ ಸಾಕ್ಷಿ ಇರಲಿಲ್ಲ. ಹೀಗೆ ಏಳು ವರ್ಷ ಹೋಯಿತು.

ಆ ಏಳು ವರ್ಷವೂ ತಗಡು ಸುಮ್ಮನಿರಲಿಲ್ಲ. ಹಳ್ಳ ಬಿದ್ದ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲದಾಗಲೂ ಅದು ತಟ್ಟುತ್ತಿತ್ತು, ನಿಲ್ಲು, ಬಾ, ಬಾ, ನಿಲ್ಲು ಎಂದು. ಖಾಲಿ ರಸ್ತೆಯಲ್ಲಿ ಬೀರಣ್ಣ ಗಕ್ಕನೆ ಬ್ರೇಕ್ ಹಾಕಿ ಕನ್ನಡಿ ನೋಡುತ್ತಿದ್ದ. ಕೂಲಿಗೆ ಬಂದವರು, "ಬೀರಣ್ಣ ಯಾರಿಗೋ ದಾರಿ ಬಿಡ್ತಿದಾನೆ," ಎಂದು ನಗುತ್ತಿದ್ದರು. ತಟ್ಟಬೇಡಿ, ಬಾಯಲ್ಲಿ ಕೂಗಿ ಎಂದು ಅವರಿಗೆಲ್ಲ ತಾಕೀತು ಮಾಡಿದ್ದ. ಮನೆಯಲ್ಲಿ ಯಾರಾದರೂ ಬಾಗಿಲಿಗೆ ಒಂದು ಸಲ ಬಡಿದರೆ, ತೆಗೆಯಲು ಏಳದೆ ಇನ್ನೊಂದಕ್ಕೆ ಕಾಯುತ್ತ ಕೂರುತ್ತಿದ್ದ. ನಿದ್ದೆಯಲ್ಲಿ ಅವನ ಬಲಗಾಲು ಬ್ರೇಕ್ ಒತ್ತುತ್ತಿತ್ತು. ಹೆಂಡತಿ ಅದನ್ನು ಬಲ್ಲಳು. ತಮ್ಮನ ನೆನಪು ತನಗಿಂತ ಗಂಡನನ್ನೇ ಹೆಚ್ಚು ತಿನ್ನುತ್ತಿದೆ ಎಂದು ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಹತ್ತು ದಿನಕ್ಕೆ ಗಾಡಿ ಸಿದ್ಧವಾಯಿತು. ಮೇಸ್ತ್ರಿಯೇ ತಂದು ಮನೆಯ ಮುಂದೆ ನಿಲ್ಲಿಸಿ ಕೀಲಿ ಕೊಟ್ಟು ಹೋದ. ನಡುಮಧ್ಯಾಹ್ನ. ಬೀರಣ್ಣ ಸುತ್ತ ಒಂದು ಸುತ್ತು ಬಂದವನು ಎಡಗಡೆಗೆ ಬಂದಾಗ ನಿಂತುಬಿಟ್ಟ. ತಗಡಿನ ಕೆಳಗಿನ ಅಂಚಿನಲ್ಲಿ ಹೊಳೆಯುವ ಆರು ಹೊಸ ರಿವಿಟ್ಟು ಸಾಲಾಗಿ ಕೂತಿದ್ದವು.

ತಟ್ಟಿದ. ಟಪ್. ಕಾದ. ಇನ್ನೊಂದು ಬರಲಿಲ್ಲ.

"ಹೇಗಿದೆ?" ಎನ್ನುತ್ತ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. "ನಾನೇ ಹೋಗಿ ಮೇಸ್ತ್ರಿಗೆ ಹೇಳಿ ಹೊಡೆಸಿದೆ. ನೀವು ಬೇಡ ಅಂದಿದ್ರಂತೆ, ನಿಮ್ಮ ಮಾತು ಕೇಳ್ಬೇಡಿ ಅಂದೆ. ಆ ಸದ್ದಿಗೆ ತಾನೆ ನೀವು ಬೆಚ್ಚಿ ಬೀಳೋದು? ಇನ್ಮೇಲಾದ್ರೂ ನೆಮ್ಮದಿಯಾಗಿ ಓಡಿಸಿ."

ಬೀರಣ್ಣ ಮತ್ತೆ ತಟ್ಟಿದ, ಮುಷ್ಟಿಯಿಂದ ಗುದ್ದಿದ. ಗುದ್ದಿದ್ದಕ್ಕೆ ಒಂದೇ ಸದ್ದು. ಅವಳು ಗಾಬರಿಯಾಗಿ ಅವನ ಕೈ ಹಿಡಿದಳು. ಆಗ ಅವನು ಹೇಳಿದ. ಕಾವಲುಗಾರ, ಎರಡು ಸದ್ದು, ಮೂರು ಸಲ ಹೇಳಿದ್ದ ತಮ್ಮ, ನಾಳೆ ಎಂದ ತಾನು. ಮೆಲ್ಲಗೆ, ನೆಲ ನೋಡಿಕೊಂಡು, ಒಂದನ್ನೂ ಬಿಡದೆ ಹೇಳಿದ.

ಅವಳ ಕೈ ಬಿಟ್ಟುಹೋಯಿತು. ಅವಳು ಹೋಗಿ ತಗಡಿಗೆ ಒಂದು ಸಲ ತಟ್ಟಿ, ಕಿವಿಗೊಟ್ಟಳು.

"ಒಂದೇ ಕೇಳ್ತಿದೆಯಲ್ಲ."

"ಈಗ ಒಂದೇ. ಮುಂಚೆ ಎರಡು ಕೇಳ್ತಿತ್ತು. ನನ್ನಾಣೆಗೂ."

"ನನ್ನ ತಮ್ಮ ಅವಸರ ಮಾಡೋನಲ್ಲ ಅಂತ ನನಗೆ ಗೊತ್ತಿತ್ತು," ಅಂದಳು. "ಗೊತ್ತಿದ್ದೂ ನಿಮ್ಮ ಮಾತು ನಂಬಿದೆ. ನೀವು ಹೇಳಿದ್ರಲ್ಲ ಅಂತ." ಬಾಗಿಲ ಕಡೆ ಬೊಟ್ಟು ಮಾಡಿ, "ಅಮ್ಮನಿಗೆ ಹೇಳಿ," ಅಂದಳು.

"ನೀನೇ ಹೇಳು. ನಿನ್ನ ಬಾಯಿಂದ ಆದ್ರೆ—"

"ನಾನು ಹೇಳಲ್ಲ. ಎರಡು ಸಲ ತಟ್ಟಿದ ಅಂತ ಊರಿಗೆಲ್ಲ ಹೇಳಿದ್ದು ನಿಮ್ಮ ಬಾಯಿ. ಅದೇ ಹೇಳ್ಲಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆಯಲು ಅವನು ಒಳಗೆ ಹೋದ. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಅವನು ನೆಲದ ಮೇಲೆ, ಅವಳ ಮಂಡಿಯ ಹತ್ತಿರ ಕೂತ.

"ಅತ್ತೆ, ಅವನು ಒಂದೇ ಸಲ ತಟ್ಟಿದ."

"ಏನಂದ್ರಿ?"

"ಒಂದೇ ಸಲ ತಟ್ಟಿದ!"

"ಯಾರು ಬಾಗಿಲು ತಟ್ಟಿದ್ದು?"

ಏಳು ವರ್ಷ ಪಿಸುಗುಟ್ಟಲೂ ಆಗದಿದ್ದ ಮಾತನ್ನು ಅವನು ಈಗ ಗಂಟಲು ಹರಿಯುವ ಹಾಗೆ ಕೂಗಬೇಕಾಯಿತು. "ನಿಮ್ಮ ಮಗ! ಗಾಡಿಗೆ ಒಂದೇ ಸಲ ತಟ್ಟಿದ್ದ! ತಗಡು ಸಡಿಲ ಇತ್ತು, ನನಗೆ ಎರಡು ಕೇಳ್ತು! ರಿವಿಟ್ ಹೊಡೆಸು ಅಂತ ಅವನು ಹೇಳಿದ್ದ, ನಾನು ಹೊಡೆಸ್ಲಿಲ್ಲ! ಅವನು ಆತುರಪಡ್ಲಿಲ್ಲ ಅತ್ತೆ!" ಎದುರುಮನೆಯ ದರ್ಜಿಯ ಹೊಲಿಗೆ ಯಂತ್ರ ನಿಂತಿತು. ಬೀದಿಯಲ್ಲಿ ಯಾರೋ ಯಾರಿಗೋ ಸುಮ್ಮನಿರು ಅಂದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ.

ಅತ್ತೆ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟಳು. ಒಂದು ಬೆರಳೆತ್ತಿ ಅವನ ಮುಖದ ಮುಂದೆ ಹಿಡಿದಳು. ಒಂದೇ?

ಅವನೂ ಒಂದು ಬೆರಳೆತ್ತಿದ.

ಅವಳು ಬಹಳ ಹೊತ್ತು ಆ ಎರಡು ಬೆರಳುಗಳನ್ನು ನೋಡಿದಳು. ಅವಳ ಮುಖ ಸಡಿಲವಾಯಿತು. ಏಳು ವರ್ಷದಲ್ಲಿ ಮೊದಲ ಸಲ ಕಣ್ಣಲ್ಲಿ ನೀರು ಬಂತು. "ಹಾಗಾದ್ರೆ ನನ್ನ ಕಂದ ಸರಿಯಾಗೇ ಹೇಳಿದ್ದ," ಅಂದಳು. "ನಿಲ್ಲು ಅಂತಲೇ ಹೇಳಿದ್ದ." ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಳಿಯನ ಕಡೆ ತಿರುಗಿದಳು. ಮದುವೆಯಾದಂದಿನಿಂದ ಒಂದು ದಿನವೂ ಅವನನ್ನು ಏಕವಚನದಲ್ಲಿ ಕರೆಯದಿದ್ದವಳು, ಏನೂ ತಿಳಿಯದ ಮಗುವನ್ನು ಕೇಳುವ ಹಾಗೆ ಕೇಳಿದಳು.

"ಮತ್ತೆ ನೀನ್ಯಾಕಪ್ಪಾ ನಿಲ್ಲಿಸ್ಲಿಲ್ಲ?"